ಮಲೆನಾಡಿನ ಹೊಸ ಮನೆಗೆ ಬಿಸಿನೀರು ಮತ್ತು ಬೆಚ್ಚನೆ: ಆಯ್ಕೆಯ ಸಮಗ್ರ ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಹೊಸ ಮನೆ ಕಟ್ಟಿಸುವವರು ನಕ್ಷೆ, ವಾಸ್ತು, ಕಿಟಕಿ, ಟೈಲ್ಸ್‌ಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸಿ, ಬಿಸಿನೀರಿನ ವ್ಯವಸ್ಥೆಯನ್ನು ಮಾತ್ರ ಗೃಹಪ್ರವೇಶಕ್ಕೆ ಹದಿನೈದು ದಿನ ಉಳಿದಿರುವಾಗ ಪ್ಲಂಬರ್ ಹೇಳಿದಂತೆ ತೀರ್ಮಾನಿಸುವುದು ಸಾಮಾನ್ಯ. ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ನಾನೂ ಹಾಗೆಯೇ ಮಾಡಿದ್ದೆ. ಏಪ್ರಿಲ್‌ನಲ್ಲಿ ಕೂರಿಸಿದ 300 ಲೀಟರಿನ ಸೋಲಾರ್ ಮೇ ತಿಂಗಳಿಡೀ ಕೈ ಸುಡುವಂಥ ನೀರು ಕೊಟ್ಟಿತು. ಆರಿದ್ರಾ ಮಳೆ ಹಿಡಿದದ್ದೇ ತಡ, ಆಶ್ಲೇಷ ಮುಗಿಯುವವರೆಗೆ ಉಗುರುಬೆಚ್ಚಗಿನ ನೀರಿಗೂ ತತ್ವಾರವಾಯಿತು. ಯಂತ್ರ ಕೆಟ್ಟಿರಲಿಲ್ಲ. ಬೇಸಿಗೆಯ ಬಿಸಿಲನ್ನು ನಂಬಿ ಲೆಕ್ಕ ಹಾಕಿದ್ದೆ, ಅಷ್ಟೆ.

ಚಿಕ್ಕಮಗಳೂರು ನಗರ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ; ಹಾಸನ, ಸಕಲೇಶಪುರಗಳು 950 ಮೀಟರಿನ ಆಸುಪಾಸಿನಲ್ಲಿವೆ. ಜನವರಿಯ ಮುಂಜಾವಿನಲ್ಲಿ ಮೈ ನಡುಗಿದರೂ ಹತ್ತು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳಬಹುದು. ಆದ್ದರಿಂದ ಚಳಿದೇಶಗಳ ಮನೆಗಳಂತೆ ಕೋಣೆಕೋಣೆಗೂ ಕೊಳವೆ ಎಳೆದು ಇಡೀ ಮನೆಯನ್ನು ಬಿಸಿಯಾಗಿಡುವ ವ್ಯವಸ್ಥೆ ಇಲ್ಲಿ ದುಂದುವೆಚ್ಚ. ನಮಗೆ ಬೇಕಾಗಿರುವುದು ಎರಡು: ವರ್ಷವಿಡೀ ಸ್ನಾನಕ್ಕೆ ಬಿಸಿನೀರು, ಮತ್ತು ಮಳೆಗಾಲದ ನಾಲ್ಕು ತಿಂಗಳು ಹಾಸಿಗೆ, ಬಟ್ಟೆ, ಗೋಡೆಗಳಿಗೆ ಹತ್ತುವ ಥಂಡಿಯಿಂದ ಬಿಡುಗಡೆ. ಇವೆರಡರ ಆಯ್ಕೆಗೂ ನಾನು ಬಳಸುವ ಅಳತೆಗೋಲು ಒಂದೇ. ಜುಲೈ ಮೂರನೆಯ ವಾರ, ಐದು ದಿನದಿಂದ ಬಿಸಿಲು ಕಂಡಿಲ್ಲ, ಲೈನಿನ ಮೇಲೆ ಮರ ಬಿದ್ದು ಹಿಂದಿನ ಮಧ್ಯಾಹ್ನದಿಂದ ಕರೆಂಟ್ ಇಲ್ಲ. ಅಂಥ ಬೆಳಿಗ್ಗೆ ಮನೆಯ ಹಿರಿಯರಿಗೆ ಎರಡು ಬಕೆಟ್ ಬಿಸಿನೀರು ಸಿಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಆ ದಿನ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿರಬಹುದು, ಸ್ನಾನಕ್ಕೆ ರಜೆಯಿಲ್ಲ.

ಹಂತ 1: ಮನೆ ಯಾವ ಸೀಮೆಯಲ್ಲಿದೆ ಎಂಬುದನ್ನು ಗುರುತಿಸಿ

ಎರಡೂ ಜಿಲ್ಲೆಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಹವೆ ಪೂರ್ತಿ ಬದಲಾಗುತ್ತದೆ. ಕಡೂರು, ಅರಸೀಕೆರೆಗಳಲ್ಲಿ ವರ್ಷಕ್ಕೆ ಸುಮಾರು 600–700 ಮಿಲಿಮೀಟರ್ ಮಳೆಯಾದರೆ ಶೃಂಗೇರಿ, ಕೊಪ್ಪ, ಮೂಡಿಗೆರೆ, ಸಕಲೇಶಪುರಗಳ ಘಟ್ಟದಂಚಿನಲ್ಲಿ ಅದು 2,000 ಮಿಲಿಮೀಟರ್ ದಾಟುತ್ತದೆ. ಅರಸೀಕೆರೆಯ ನೆಂಟರ ಮನೆಯಲ್ಲಿ ಹನ್ನೆರಡು ತಿಂಗಳೂ ಚೆನ್ನಾಗಿ ನಡೆಯುವ ಸೋಲಾರ್ ನೋಡಿ ಸಕಲೇಶಪುರ ಕಡೆಯ ಹಾನುಬಾಳಿನಲ್ಲಿ ಅದನ್ನೇ ಕೂರಿಸಿದರೆ ನಿರಾಸೆ ಖಚಿತ.

ನೀರಿನ ಗುಣವೂ ಹೀಗೆಯೇ ಬದಲಾಗುತ್ತದೆ. ಬಯಲುಸೀಮೆಯ ಕೊಳವೆಬಾವಿಗಳಲ್ಲಿ ಗಡಸು ನೀರು ಹೆಚ್ಚು; ಅದು 60 ಡಿಗ್ರಿ ಮೀರಿ ಕಾದಾಗ ಕೊಳವೆ, ಹೀಟರಿನ ಕಾಯಿಲ್‌ಗಳ ಮೇಲೆ ಬೇಗನೆ ಸುಣ್ಣ ಕಟ್ಟುತ್ತದೆ. ಮಲೆನಾಡಿನ ಬಾವಿ, ಅಬ್ಬಿಯ ನೀರು ಮೃದುವಾದದ್ದು, ಆದರೆ ತುಸು ಆಮ್ಲೀಯವಾಗಿರುವುದರಿಂದ ಲೋಹದ ಟ್ಯಾಂಕಿಗೆ ತುಕ್ಕು ಹಿಡಿಸಬಲ್ಲದು. ಯಂತ್ರ ಖರೀದಿಸುವ ಮೊದಲು ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಗಡಸುತನ ಹಾಗೂ ಪಿಎಚ್ ತಿಳಿದುಕೊಳ್ಳುವುದು ಒಳ್ಳೆಯದು.

ಹಂತ 2: ರೂಪಾಯಿಗೆ ಮೊದಲು ಯೂನಿಟ್ ಲೆಕ್ಕ ಹಾಕಿ

ಬೆಲೆ, ದರಪಟ್ಟಿಗಳು ವರ್ಷವರ್ಷವೂ ಬದಲಾಗುತ್ತವೆ. ನೀರು ಕಾಯಲು ಬೇಕಾದ ಶಕ್ತಿ ಬದಲಾಗುವುದಿಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.163 ವ್ಯಾಟ್-ಗಂಟೆ ಬೇಕು; ಸಾವಿರ ವ್ಯಾಟ್-ಗಂಟೆ ಎಂದರೆ ಬಿಲ್ಲಿನ ಒಂದು ಯೂನಿಟ್. ಈ ಒಂದು ಸಂಖ್ಯೆ ಗೊತ್ತಿದ್ದರೆ ಮಾರಾಟಗಾರರ ಅರ್ಧ ಮಾತನ್ನು ನೀವೇ ಪರೀಕ್ಷಿಸಬಹುದು.

ಅಜ್ಜ, ಅಜ್ಜಿ, ದಂಪತಿ, ಒಂದು ಮಗು ಇರುವ ಐದು ಜನರ ಮನೆಯನ್ನು ತೆಗೆದುಕೊಳ್ಳೋಣ. ತಲಾ ಎರಡು ಬಕೆಟ್, ಅಂದರೆ 40 ಲೀಟರಿನಂತೆ 200 ಲೀಟರ್, ಪಾತ್ರೆ ತೊಳೆಯಲು 30 ಲೀಟರ್, ಒಟ್ಟು 230 ಲೀಟರ್ ನೀರು 42 ಡಿಗ್ರಿಯಲ್ಲಿ ಬೇಕು. ಮೇಲಿನ ತೊಟ್ಟಿಯ ನೀರು 19 ಡಿಗ್ರಿ ಇದ್ದರೆ 23 ಡಿಗ್ರಿ ಏರಿಸಬೇಕು: 230 ಗುಣಿಸು 23 ಗುಣಿಸು 1.163, ಅಂದರೆ ಸುಮಾರು 6.2 ಯೂನಿಟ್. ಟ್ಯಾಂಕು, ಕೊಳವೆಗಳಲ್ಲಿ ಸೋರುವ ಶಾಖವನ್ನು ಸೇರಿಸಿ ದಿನಕ್ಕೆ 7 ಯೂನಿಟ್ ಎಂದಿಟ್ಟುಕೊಳ್ಳಬಹುದು. ತಿಂಗಳಿಗೆ 210 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕೆಂಬುದನ್ನು ನೆನೆದರೆ, ಬರೀ ಗೀಸರ್ ನಂಬಿದ ಮನೆಯ ಗತಿ ಏನೆಂದು ತಿಳಿಯುತ್ತದೆ.

ಟ್ಯಾಂಕಿನ ಗಾತ್ರವೂ ಇದೇ ಲೆಕ್ಕದಿಂದ ಹೊರಡುತ್ತದೆ. ಟ್ಯಾಂಕಿನಲ್ಲಿ ನೀರು 60 ಡಿಗ್ರಿ ಇದ್ದು ತಣ್ಣೀರು ಬೆರೆಸಿ ಬಳಸುವುದಾದರೆ 230 ಲೀಟರ್ ಸ್ನಾನದ ನೀರಿಗೆ ಸುಮಾರು 130 ಲೀಟರ್ ಬಿಸಿನೀರು ಸಾಕು. ಹಾಗಾಗಿ ಈ ಕುಟುಂಬಕ್ಕೆ 150 ಲೀಟರಿನ ಟ್ಯಾಂಕು ನಡೆಯುತ್ತದೆ. ದೀಪಾವಳಿಗೆ, ಊರಹಬ್ಬಕ್ಕೆ ನೆಂಟರಿಷ್ಟರು ಬಂದು ತಂಗುವ ಮನೆಯಾದರೆ 200 ಲೀಟರ್ ಇರಲಿ. ಅದಕ್ಕಿಂತ ದೊಡ್ಡದು ಬೇಡ.

ಹಂತ 3: ಉರಿಯುವ ಯಂತ್ರಕ್ಕೆ ಮೊದಲು ಮಾಡನ್ನು ನೋಡಿ

ಕೋಣೆಯ ಬೆಚ್ಚನೆ ಹೆಚ್ಚಾಗಿ ಹೋಗುವುದು ಛಾವಣಿಯ ಮೂಲಕ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆಯು 2018ರಲ್ಲಿ ಹೊರತಂದ ಎಕೋ ನಿವಾಸ್ ಸಂಹಿತೆಯ ಪ್ರಕಾರ ಛಾವಣಿಯ ಒಂದು ಚದರ ಮೀಟರಿನಿಂದ, ಒಳಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರೀ ಆರ್‌ಸಿಸಿ ತಾರಸಿಯಲ್ಲಿ ಇದು ಮೂರಕ್ಕೂ ಮೇಲಿರುತ್ತದೆ. ಆರ್‌ಸಿಸಿ ಮೇಲೆ ಶಾಖನಿರೋಧಕ ಪದರ ಹಾಸಿ, ಅದರ ಮೇಲೆ ಮಂಗಳೂರು ಹೆಂಚಿನ ಇಳಿಜಾರು ಮಾಡು ಹೊದಿಸುವುದು ಇಲ್ಲಿನ ಮಳೆಗೂ ಒಳ್ಳೆಯದು, ಚಳಿಗೂ ಒಳ್ಳೆಯದು. ಹೆಂಚಿನ ಮಾಡು ಮಾತ್ರವೇ ಇರುವ ಮನೆಗೆ ಕೆಳಗೊಂದು ಮರದ ಸೂರು ಅಥವಾ ಅಟ್ಟ ಇಲ್ಲದಿದ್ದರೆ ಯಾವ ಹೀಟರ್ ಇಟ್ಟರೂ ಬೆಚ್ಚನೆಯ ಗಾಳಿ ಹೆಂಚಿನ ಸಂದಿಯಿಂದ ಹೊರಟುಹೋಗುತ್ತದೆ. ಹಿರಿಯರ ಕೋಣೆ ಪೂರ್ವ ಅಥವಾ ದಕ್ಷಿಣಕ್ಕಿರಲಿ. ಗಾಳಿಮಳೆ ಬಡಿಯುವ ಪಶ್ಚಿಮ ಗೋಡೆಗೆ ಉದ್ದನೆಯ ಚಾವಣಿಚಾಚು ಕೊಡಿ. ಒದ್ದೆ ಗೋಡೆ ಒಣ ಗೋಡೆಗಿಂತ ಬೇಗ ತಣ್ಣಗಾಗುತ್ತದೆ.

ಹಂತ 4: ಶಾಖದ ಮೂಲಗಳನ್ನು ಒಂದೊಂದಾಗಿ ತೂಗಿ

ಸೋಲಾರ್ ವಾಟರ್ ಹೀಟರ್. ದಿನಕ್ಕೆ 100 ಲೀಟರಿಗೆ 2 ಚದರ ಮೀಟರಿನ ಚಪ್ಪಟೆ ಫಲಕ ಬೇಕಾಗುತ್ತದೆ. ನಮ್ಮ ಅಕ್ಷಾಂಶ ಸುಮಾರು 13 ಡಿಗ್ರಿ. ಚಳಿಗಾಲದ ಕೆಳಸೂರ್ಯನಿಗೆ ಹೊಂದಿಕೊಳ್ಳಲು ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ 25 ಡಿಗ್ರಿಯಷ್ಟು ಓರೆಯಾಗಿ ನಿಲ್ಲಿಸುವುದು ಸರಿ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಸಿಲ್ವರ್ ಓಕ್ ಮರಗಳ ನೆರಳು ಬೀಳದ ಜಾಗವನ್ನೇ ಹುಡುಕಬೇಕು; ಕಾಫಿ ತೋಟದ ನಡುವಿನ ಮನೆಗಳಲ್ಲಿ ಇದು ಸುಲಭವಲ್ಲ. ನೀರು ತುಂಬಿದ 200 ಲೀಟರಿನ ಘಟಕದ ಭಾರ ಮುನ್ನೂರು ಕಿಲೋ ಸಮೀಪಿಸುವುದರಿಂದ ಹೆಂಚಿನ ಮಾಡಿನ ಮೇಲೆ ಅದನ್ನು ಹೇರುವಂತಿಲ್ಲ. ಬಚ್ಚಲುಮನೆಯ ಮೇಲೆ ಸಣ್ಣದೊಂದು ಆರ್‌ಸಿಸಿ ತಾರಸಿಯನ್ನು ನಕ್ಷೆಯಲ್ಲೇ ಸೇರಿಸಬೇಕು. ಗಡಸು ನೀರಿದ್ದಲ್ಲಿ, ನೀರು ನೇರವಾಗಿ ಫಲಕದೊಳಗೆ ಹರಿಯದಂಥ, ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿಯನ್ನು ಆರಿಸಿ. ಗಾಜಿನ ಕೊಳವೆಗಳ ಮಾದರಿ ಅಗ್ಗ, ಮೋಡ ಕವಿದ ದಿನಗಳಲ್ಲಿ ತುಸು ಮೇಲು ಕೂಡ. ಆದರೆ ಕೋತಿಗಳ ಹಿಂಡು ತಾರಸಿಯ ಮೇಲೆ ಕುಣಿಯುವ ಊರುಗಳಲ್ಲಿ ವರ್ಷಕ್ಕೆ ನಾಲ್ಕಾರು ಕೊಳವೆ ಒಡೆಯುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಅಗ್ಗ ದುಬಾರಿಯಾಗುತ್ತದೆ. ಅಲ್ಲಿ ಗಟ್ಟಿ ಗಾಜಿನ ಚಪ್ಪಟೆ ಫಲಕವೇ ವಾಸಿ.

ಹೀಟ್ ಪಂಪ್. ಫ್ರಿಜ್ ತನ್ನೊಳಗಿನ ಶಾಖವನ್ನು ಹೊರಗೆ ತಳ್ಳುವಂತೆ ಇದು ಹೊರಗಿನ ಗಾಳಿಯ ಶಾಖವನ್ನು ನೀರಿಗೆ ತಳ್ಳುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ಟಿನ ಆಸುಪಾಸು ಶಾಖ ಸಿಗುತ್ತದೆ. ಹಾಗಾಗಿ ಮೇಲಿನ ಕುಟುಂಬದ 210 ಯೂನಿಟ್ 70ಕ್ಕೆ ಇಳಿಯುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿ ಇದರ ಶಕ್ತಿ ಕುಂದುತ್ತದೆ, ಆದರೆ ನಮ್ಮ ಜುಲೈನಲ್ಲಿ ಗಾಳಿ 18–20 ಡಿಗ್ರಿ ಇರುತ್ತದೆ, ಜೊತೆಗೆ ಗಾಳಿಯಲ್ಲಿನ ತೇವ ಯಂತ್ರದ ತಣ್ಣನೆಯ ಕಾಯಿಲ್ ಮೇಲೆ ನೀರಾಗುವಾಗ ತನ್ನ ಶಾಖವನ್ನೂ ಬಿಟ್ಟುಕೊಡುತ್ತದೆ. ಬಿಸಿಲಿಲ್ಲದ ಕಾಲಕ್ಕೆ ಹೇಳಿಮಾಡಿಸಿದಂಥ ಯಂತ್ರ ಇದು ಎನ್ನುವುದು ನನ್ನ ಅಭಿಪ್ರಾಯ. ಕೊರತೆಗಳೂ ಇವೆ: ಖರೀದಿಯ ವೆಚ್ಚ ಹೆಚ್ಚು, ದುರಸ್ತಿಗೆ ನುರಿತವರು ಹತ್ತಿರದಲ್ಲಿ ಇರಬೇಕು, ವೋಲ್ಟೇಜ್ ಇಳಿದರೆ ಕಂಪ್ರೆಸರ್‌ಗೆ ಪೆಟ್ಟು. ಸ್ಟೆಬಿಲೈಸರ್ ಇಲ್ಲದೆ ಹಳ್ಳಿಯ ಲೈನಿಗೆ ಇದನ್ನು ಜೋಡಿಸಬೇಡಿ. ಯಂತ್ರ ತಣ್ಣನೆಯ ಗಾಳಿಯನ್ನು ಊದುವುದರಿಂದ ಅದನ್ನು ಮನೆಯ ಹೊರಗೆ, ಮಲಗುವ ಕೋಣೆಯ ಕಿಟಕಿಯಿಂದ ದೂರದಲ್ಲಿ, ಮಳೆ ಬೀಳದ ಸೂರಿನಡಿ ಇಟ್ಟು, ನಡುಮಧ್ಯಾಹ್ನ ಚಾಲೂ ಆಗುವಂತೆ ಟೈಮರ್ ಹೊಂದಿಸಬೇಕು.

ವಿದ್ಯುತ್ ಗೀಸರ್. ಮುಖ್ಯ ಮೂಲವಾಗಿ ಬೇಡ, ಬೆಂಬಲಕ್ಕೆ ಇರಲಿ. 15 ಲೀಟರಿನ, 2 ಕಿಲೋವ್ಯಾಟಿನ ಗೀಸರ್ 18 ಡಿಗ್ರಿಯ ನೀರನ್ನು 55ಕ್ಕೆ ಏರಿಸಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ಆದರೆ ವೋಲ್ಟೇಜ್ 230ರ ಬದಲು 180 ಇದ್ದರೆ 2 ಕಿಲೋವ್ಯಾಟ್ ಎಂಬುದು 1.2 ಕಿಲೋವ್ಯಾಟಿಗೆ ಕುಸಿದು, ಅದೇ ಕೆಲಸಕ್ಕೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಸ್ಟಾರ್ ಗುರುತು ಸೂಚಿಸುವುದು ಟ್ಯಾಂಕಿನಿಂದ ದಿನಕ್ಕೆ ಸೋರುವ ಶಾಖದ ಪ್ರಮಾಣವನ್ನು. ನೀರು ಕಾಯಿಸುವ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರನ್ನಷ್ಟೇ 20 ಡಿಗ್ರಿ ಏರಿಸಬಲ್ಲದು, ಅಂದರೆ 20 ಲೀಟರಿನ ಬಕೆಟ್ ತುಂಬಲು ಒಂಬತ್ತು ನಿಮಿಷ. ಅಡುಗೆಮನೆಯ ಸಿಂಕಿಗೆ ಅದು ಸಾಕು, ಸ್ನಾನಕ್ಕೆ ಸಾಲದು.

ಸೌದೆಯ ಬಾಯ್ಲರ್. ಹಳೆಯ ಬಚ್ಚಲೊಲೆ ಮತ್ತು ತಾಮ್ರದ ಹಂಡೆಯನ್ನು ಹಿಂದುಳಿದದ್ದೆಂದು ತಳ್ಳಿಹಾಕುವವರಿದ್ದಾರೆ. ಕರೆಂಟೂ ಬಿಸಿಲೂ ಇಲ್ಲದ ದಿನ ಕೆಲಸಕ್ಕೆ ಬರುವುದು ಅದೊಂದೇ. ತೋಟವಿರುವ ಮನೆಗೆ ಮರಗಸಿ ಮಾಡಿದಾಗ ಬೀಳುವ ಕೊಂಬೆ, ಸವರಿದ ಕಾಫಿ ರೆಂಬೆ, ತೆಂಗಿನ ಮಟ್ಟೆ, ಅಡಿಕೆ ಸೋಗೆಗಳಿಗೆ ಬರವಿಲ್ಲ. ತೊಂದರೆ ಇರುವುದು ಒಲೆಯ ರಚನೆಯಲ್ಲಿ: ತೆರೆದ ಹಂಡೆ ಒಲೆಯಲ್ಲಿ ಶಾಖದ ಐದನೆಯ ಒಂದು ಪಾಲೂ ನೀರಿಗೆ ಸೇರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಒಲೆಗಳು ತೋರಿಸಿಕೊಟ್ಟಂತೆ, ಗಾಳಿಯ ದಾರಿ ಮತ್ತು ಹೊಗೆಯ ದಾರಿ ಸರಿಯಾದರೆ ಅಷ್ಟೇ ಸೌದೆಯಿಂದ ದುಪ್ಪಟ್ಟು ಕೆಲಸ ಪಡೆಯಬಹುದು. ನಡುವೆ ಹೊಗೆಗೊಳವೆ ಹಾದುಹೋಗುವ ಬಾಯ್ಲರಿನಲ್ಲಿ ಶಾಖದ 40 ಪ್ರತಿಶತ ನೀರಿಗೆ ಸೇರುತ್ತದೆ ಎಂದುಕೊಂಡರೆ, ಚೆನ್ನಾಗಿ ಒಣಗಿದ ಸೌದೆ ಕಿಲೋಗೆ 4 ಯೂನಿಟ್ ಶಾಖ ಕೊಡುವುದರಿಂದ ದಿನಕ್ಕೆ 4 ಕಿಲೋ ಸೌದೆ, ಮಳೆಗಾಲದ 120 ದಿನಕ್ಕೆ ಅರ್ಧ ಟನ್ ಸಾಕು. ಷರತ್ತು ಒಂದೇ: ಸೌದೆ ಒಣಗಿರಬೇಕು. ಅರ್ಧದಷ್ಟು ನೀರೇ ಇರುವ ಹಸಿ ಸೌದೆ ಒಣ ಸೌದೆಯ ಅರ್ಧದ ಆಸುಪಾಸಿನಷ್ಟು ಶಾಖವನ್ನಷ್ಟೇ ಕೊಡುತ್ತದೆ, ಮೇಲೆ ಹೊಗೆ ಬೇರೆ. ಆದ್ದರಿಂದ ಬಾಯ್ಲರಿಗೆ ಕೊಡುವಷ್ಟೇ ಗಮನವನ್ನು ಸೌದೆ ಕೊಟ್ಟಿಗೆಗೂ ಕೊಟ್ಟು, ಶಿವರಾತ್ರಿಯ ಹೊತ್ತಿಗೇ ಸೌದೆ ಸೀಳಿ ಗಾಳಿಯಾಡುವಂತೆ ಪೇರಿಸಬೇಕು. ಒಲೆಯ ಬಾಯಿ ಮನೆಯ ಹೊರಗಿರಲಿ, ಹೊಗೆಗೊಳವೆ ಮಾಡಿನ ಮುಡಿಗಿಂತ ಎರಡು ಅಡಿ ಮೇಲೇರಲಿ.

ಗ್ಯಾಸ್ ಗೀಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಚ್ಚಿದ ಬಚ್ಚಲಲ್ಲಿ ಅದು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರದ ಸುದ್ದಿಗಳನ್ನು ಎಲ್ಲರೂ ಓದಿದ್ದೇವೆ. ಹಾಕಲೇಬೇಕಾದರೆ ಹೊರಗೋಡೆಗೆ ಹಾಕಿ. ಗೋಬರ್ ಗ್ಯಾಸ್ ಅಡುಗೆಗೆ ಚೆನ್ನ; ಮಳೆಗಾಲದ ಚಳಿಗೆ ಅನಿಲದ ಉತ್ಪತ್ತಿಯೇ ಇಳಿಯುವುದರಿಂದ ಸ್ನಾನದ ನೀರಿನ ಹೊರೆಯನ್ನು ಅದರ ಮೇಲೆ ಹೊರಿಸುವುದು ಬೇಡ.

ಹಂತ 5: ಎರಡನ್ನು ಜೋಡಿಸಿ, ಮೂರನ್ನಲ್ಲ

ಕಡೂರು, ಅರಸೀಕೆರೆ, ಚನ್ನರಾಯಪಟ್ಟಣಗಳ ಕಡೆಗೆ 200 ಲೀಟರಿನ ಸೋಲಾರ್ ಮತ್ತು ಬಚ್ಚಲಲ್ಲೊಂದು 15 ಲೀಟರಿನ ಗೀಸರ್ ಸಾಕು. ಸೋಲಾರ್ ಟ್ಯಾಂಕಿನೊಳಗೇ ಹೀಟರ್ ಕೂರಿಸಿಕೊಡುತ್ತೇವೆ ಎನ್ನುವವರಿಗೆ ಬೇಡವೆನ್ನಿ: ಒಬ್ಬರ ಸ್ನಾನಕ್ಕಾಗಿ 200 ಲೀಟರನ್ನೂ 22ರಿಂದ 60 ಡಿಗ್ರಿಗೆ ಏರಿಸಲು ಸುಮಾರು 9 ಯೂನಿಟ್, ನಾಲ್ಕೂವರೆ ಗಂಟೆ ಬೇಕು. ಸೋಲಾರಿನಿಂದ ಬರುವ ನೀರು ಗೀಸರಿನ ಮೂಲಕವೂ ನೇರವಾಗಿಯೂ ಹರಿಯುವಂತೆ ವಾಲ್ವ್ ಇಡಿಸಿದರೆ, ಮೋಡದ ದಿನ 28 ಡಿಗ್ರಿ ಬಂದ ನೀರಿಗೆ ಉಳಿದ ಶಾಖವನ್ನಷ್ಟೇ ಗೀಸರ್ ಸೇರಿಸುತ್ತದೆ.

ಹಾಸನ, ಚಿಕ್ಕಮಗಳೂರು ನಗರ, ಬೇಲೂರು, ಆಲೂರುಗಳಲ್ಲಿ ಸೋಲಾರ್, ಹೀಟ್ ಪಂಪ್ ಎರಡೂ ದಾರಿ ತೆರೆದಿವೆ. ಮನೆಯ ಮೇಲೆ ವಿದ್ಯುತ್ತಿನ ಸೋಲಾರ್ ಪ್ಯಾನೆಲ್ ಹಾಕಿಸುವ ಯೋಚನೆಯಿದ್ದರೆ ಹೀಟ್ ಪಂಪ್ ಕಡೆಗೆ ನನ್ನ ಒಲವು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವ್ಯಾಟಿನ ಘಟಕಕ್ಕೆ 78,000 ರೂಪಾಯಿ ಸಹಾಯಧನ ನಿಗದಿಪಡಿಸಿತ್ತು. ಅರ್ಜಿಯ ವ್ಯವಹಾರ ಚಿಕ್ಕಮಗಳೂರಿನವರಿಗೆ ಮೆಸ್ಕಾಂ, ಹಾಸನದವರಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಜೊತೆ. ಒಂದು ಎಚ್ಚರಿಕೆ: ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಪ್ಯಾನೆಲ್‌ಗಳು ಕರೆಂಟ್ ಹೋದೊಡನೆ ತಾವೂ ನಿಲ್ಲುತ್ತವೆ.

ಘಟ್ಟದಂಚಿನ ತಾಲ್ಲೂಕುಗಳಲ್ಲಿ ಸೌದೆಯ ಬಾಯ್ಲರ್ ಒಂದು ಇರಲೇಬೇಕು. ಅದರ ಜೊತೆಗೆ ಅಕ್ಟೋಬರ್‌ನಿಂದ ಮೇವರೆಗೆ ಸೋಲಾರ್ ಅಥವಾ, ವೋಲ್ಟೇಜ್ ಚೆನ್ನಾಗಿರುವ ಕಡೆ, ವರ್ಷವಿಡೀ ಹೀಟ್ ಪಂಪ್. ಮೂರನ್ನೂ ಹಾಕಿಸಿದ ಮನೆಗಳಲ್ಲಿ ಕೊಳವೆ, ವಾಲ್ವುಗಳ ಗೋಜಲು ಎಷ್ಟಾಗುತ್ತದೆಂದರೆ ಯಜಮಾನರು ಊರಲ್ಲಿಲ್ಲದ ದಿನ ಬಿಸಿನೀರು ತಿರುಗಿಸಲು ಯಾರಿಗೂ ಬರುವುದಿಲ್ಲ.

ಹಂತ 6: ಕೊಳವೆ ಮತ್ತು ವಿದ್ಯುತ್

ಗೋಡೆ ಪ್ಲಾಸ್ಟರ್ ಆಗುವ ಮುನ್ನ ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಮೂವರನ್ನೂ ಒಟ್ಟಿಗೆ ನಿಲ್ಲಿಸಿ ತೀರ್ಮಾನಿಸಬೇಕಾದ ಹಂತ ಇದು. ಮುಕ್ಕಾಲಿಂಚಿನ ಕೊಳವೆಯ 20 ಮೀಟರಿನಲ್ಲಿ ಸುಮಾರು 5 ಲೀಟರ್ ನೀರು ನಿಂತಿರುತ್ತದೆ. ನಲ್ಲಿ ತಿರುಗಿಸಿದಾಗಲೆಲ್ಲ ಅದು ಮೊದಲು ಚರಂಡಿ ಸೇರುತ್ತದೆ. ಬಚ್ಚಲುಗಳು ಬೆನ್ನಿಗೆ ಬೆನ್ನು ಹಚ್ಚಿಕೊಂಡಿದ್ದು ಟ್ಯಾಂಕು ಅವುಗಳ ಮೇಲೆಯೇ ಇದ್ದರೆ ಈ ನಷ್ಟ ತಪ್ಪುತ್ತದೆ. ಬಿಸಿನೀರಿಗೆ ಸಿಪಿವಿಸಿ ಕೊಳವೆಯೇ ಬೇಕು, ಸಾಮಾನ್ಯ ಪಿವಿಸಿ ಮೆತ್ತಗಾಗಿ ಜೋಡಣೆ ಬಿಡುತ್ತದೆ. ತಾರಸಿಯ ಮೇಲಿನ ಕೊಳವೆಗೆ ಶಾಖನಿರೋಧಕ ಫೋಮ್ ಹೊದಿಸಿ, ಬಿಸಿಲಿಗೆ ಅದು ಪುಡಿಯಾಗದಂತೆ ಮೇಲೊಂದು ಕವಚ ಹಾಕಿಸಿ. ಸೋಲಾರ್ ಆದರೆ ತಣ್ಣೀರಿನ ತೊಟ್ಟಿಯ ತಳ ಬಿಸಿನೀರಿನ ಟ್ಯಾಂಕಿಗಿಂತ ಮೇಲಿರಬೇಕು.

2 ಕಿಲೋವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಪ್ರತಿ ಗೀಸರಿಗೂ ಪ್ರತ್ಯೇಕ ತಂತಿ, 16 ಆಂಪಿಯರಿನ ಸಾಕೆಟ್, ಸ್ವಿಚ್ ಬಚ್ಚಲಿನ ಹೊರಗೆ. ಒಳ್ಳೆಯ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದೊಡನೆ ಕರೆಂಟ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಗೀಸರ್ ಚಾಲೂ ಮಾಡುವುದು ಬೇಡ. ಗೀಸರಿನ ಸೇಫ್ಟಿ ವಾಲ್ವಿನಿಂದ ಹನಿ ಬೀಳುತ್ತದೆಂದು ಅದಕ್ಕೆ ಬೆಣೆ ಹೊಡೆದವರನ್ನು ನೋಡಿದ್ದೇನೆ; ಟ್ಯಾಂಕು ಸಿಡಿಯದಂತೆ ಕಾಯುವುದೇ ಆ ವಾಲ್ವು, ಅದರ ಹನಿಗೊಂದು ಸಣ್ಣ ಕೊಳವೆ ಇಡಿಸಿದರೆ ಸಾಕು.

ಹಂತ 7: ಕೋಣೆಯ ಥಂಡಿ

ಹೊರಗೆ 18 ಡಿಗ್ರಿಯ, ತೇವದಿಂದ ತುಂಬಿದ ಗಾಳಿ ಒಳಬಂದು 22 ಡಿಗ್ರಿಗೆ ಬೆಚ್ಚಗಾದರೆ ಅದರ ಸಾಪೇಕ್ಷ ಆರ್ದ್ರತೆ ನೂರರಿಂದ ಎಂಬತ್ತರ ಹತ್ತಿರಕ್ಕೆ ಇಳಿಯುತ್ತದೆ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಕಂಬಳಿ, ಮಕ್ಕಳ ಬಟ್ಟೆ ಒಣಗಿಸುತ್ತಿದ್ದ ನಮ್ಮ ಅಜ್ಜಿಯರು ಈ ತತ್ವವನ್ನೇ ಬಳಸುತ್ತಿದ್ದರು. ಹೊಸ ಮನೆಯಲ್ಲೂ ಬಾಯ್ಲರಿನ ಬೆನ್ನಿಗೊಂದು ಸಣ್ಣ ಬಟ್ಟೆಕೋಣೆ ಕಟ್ಟಿಸಿ, ಬಿಸಿಯಾಗುವ ಗೋಡೆಯನ್ನು ಅದರೊಳಗೆ ಬರುವಂತೆ ಮಾಡಿ, ಮೇಲೆ ಗಾಳಿ ಹೊರಹೋಗಲು ಕಿಂಡಿ ಇಡಬಹುದು. ಮನೆಯವರೆಲ್ಲ ಮೆಚ್ಚಿದ್ದು ಈ ಕೋಣೆಯನ್ನೇ, ಹೀಟ್ ಪಂಪನ್ನಲ್ಲ.

ಮಲಗುವ ಕೋಣೆಗಳಿಗೆ ಗಾಳಿಯ ತೇವ ಹಿಂಡಿ ತೆಗೆಯುವ ಡಿಹ್ಯುಮಿಡಿಫೈಯರ್ ಕೊಳ್ಳುವುದು ರೂಮ್ ಹೀಟರಿಗಿಂತ ಲಾಭ. 300 ವ್ಯಾಟಿನ ಯಂತ್ರ ಎಂಟು ಗಂಟೆಗೆ 2.4 ಯೂನಿಟ್ ಬಳಸುತ್ತದೆ. ಆ ಶಾಖವೆಲ್ಲ ಕೋಣೆಯಲ್ಲೇ ಉಳಿಯುತ್ತದೆ, ಜೊತೆಗೆ ಅದು ಹಿಂಡಿ ತೆಗೆದ ಪ್ರತಿ ಲೀಟರ್ ನೀರಿಗೆ ಸುಮಾರು 0.68 ಯೂನಿಟ್ಟಿನಷ್ಟು ಶಾಖವೂ ಕೋಣೆಗೆ ಸೇರುತ್ತದೆ. ಕಿಟಕಿ ಮುಚ್ಚಿ, 60 ಪ್ರತಿಶತ ಆರ್ದ್ರತೆಗೆ ಹೊಂದಿಸಿ ನಡೆಸಿ. ವೃದ್ಧರಿಗೆ, ಬಾಣಂತಿಗೆ ನಿಜವಾದ ಬೆಚ್ಚನೆ ಬೇಕಾದರೆ ಬಿಸಿಗಾಳಿಯನ್ನೂ ಕೊಡುವ ಇನ್ವರ್ಟರ್ ಎಸಿ ಒಂದು ಕೋಣೆಗಿರಲಿ; ಅದೂ ಹೀಟ್ ಪಂಪೇ. ಎಸ್ಟೇಟ್ ಬಂಗಲೆಗಳ ತೆರೆದ ಅಗ್ಗಿಷ್ಟಿಕೆ ನೋಡಲು ಸೊಗಸು, ಆದರೆ ಅದರ ಶಾಖದ ಬಹುಪಾಲು ಚಿಮಣಿಯಿಂದ ಆಕಾಶಕ್ಕೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಂಡಲಿ ಇಟ್ಟು ಮಲಗುವುದನ್ನಂತೂ ಯಾವ ಕಾರಣಕ್ಕೂ ಮಾಡಬಾರದು, ಗ್ಯಾಸ್ ಗೀಸರಿನ ವಿಷಾನಿಲವೇ ಅಲ್ಲೂ ಹುಟ್ಟುತ್ತದೆ.

ಹಂತ 8: ಕೊನೆಯ ಕಂತು ಕೊಡುವ ಮುನ್ನ

ಒಂದು ಥರ್ಮಾಮೀಟರ್, ಒಂದು ಬಕೆಟ್, ಒಂದು ಗಡಿಯಾರ ಹಿಡಿದು ಪರೀಕ್ಷಿಸಿ. ಅತಿ ದೂರದ ನಲ್ಲಿಗೆ ಬಿಸಿನೀರು ಬರಲು ಎಷ್ಟು ಹೊತ್ತಾಯಿತು, ಅಷ್ಟರಲ್ಲಿ ಎಷ್ಟು ತಣ್ಣೀರು ಹರಿಯಿತು ಎಂದು ಬರೆದಿಡಿ. ಸಂಜೆ ಆರಕ್ಕೆ ಟ್ಯಾಂಕಿನ ನೀರಿನ ಬಿಸಿ ಅಳೆದು, ರಾತ್ರಿ ಯಾರೂ ಬಳಸದೆ, ಬೆಳಿಗ್ಗೆ ಆರಕ್ಕೆ ಮತ್ತೆ ಅಳೆಯಿರಿ. ಹತ್ತು ಡಿಗ್ರಿಗಿಂತ ಹೆಚ್ಚು ಇಳಿದಿದ್ದರೆ ಟ್ಯಾಂಕಿನ ಹೊದಿಕೆಯಲ್ಲೋ ಹಿಮ್ಮುಖ ಹರಿವಿನಲ್ಲೋ ದೋಷವಿದೆ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿದಾಗ ಕರೆಂಟ್ ತಕ್ಷಣ ಕಡಿಯಬೇಕು. ಸಾಧ್ಯವಾದರೆ ಒಪ್ಪಂದದಲ್ಲೇ ಒಂದು ಸಣ್ಣ ಮೊತ್ತವನ್ನು ಆಗಸ್ಟ್‌ವರೆಗೆ ತಡೆಹಿಡಿಯುವಂತೆ ಬರೆಸಿಕೊಳ್ಳಿ.

ವರ್ಷದ ನಿರ್ವಹಣೆಗೆ ಪ್ರತ್ಯೇಕ ದಿನ ಹುಡುಕಬೇಕಾಗಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹೇಗೂ ಹಂಡೆ ಬೆಳಗಿ, ಶೇಡಿ ಬರೆದು, ಬಚ್ಚಲನ್ನು ತೊಳೆಯುತ್ತೇವೆ. ಮಳೆಯೂ ಅಷ್ಟೊತ್ತಿಗೆ ಹಿಂದಾಗಿರುತ್ತದೆ. ಹಿಂದಿನ ಭಾನುವಾರವೇ ಹೊಗೆಗೊಳವೆಯ ಮಸಿ ಕೆರೆದು, ಸೋಲಾರ್ ಫಲಕದ ಪಾಚಿ ಒರೆಸಿ, ಟ್ಯಾಂಕಿನ ತಳದ ಕೆಸರನ್ನು ಹೊರಬಿಟ್ಟು, ಎರಡು ವರ್ಷಕ್ಕೊಮ್ಮೆ ತಾನು ಸವೆದು ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ, ಗೀಸರಿನೊಳಗಿನ ಆನೋಡ್ ಸರಳು ಎಷ್ಟು ಸವೆದಿದೆ ಎಂದು ಬಿಚ್ಚಿ ನೋಡಿಸಿದರೆ ಮುಂದಿನ ಆರಿದ್ರಾವರೆಗೆ ಬೇರೆ ಕೆಲಸವಿಲ್ಲ.